ಎಂಟಡಿಯ ಹೆಡಿಗೆ

“ಅರ್ಧ ಟ್ಯಾಂಕಿ ಕೊಟ್ಟದ್ದೇ ಹೆಚ್ಚ್ ಮಾರಾಯ್ತಿ. ನೀವ್ ಮಿಂದ್ರೂ ಒಂದೇ, ಮೀಯ್ದಿದ್ರೂ ಒಂದೇ.”

ಹೀಗೆ ಹೇಳಿ ಪಂಚಾಯತ್ ಅಧ್ಯಕ್ಷ ಪ್ರೇಮಾನಂದ ಹೆಗ್ಡೆ ತನ್ನ ಮಾತಿಗೆ ತಾನೇ ನಕ್ಕ. ಅಧ್ಯಕ್ಷರು ನಕ್ಕ ಮೇಲೆ ಸದಸ್ಯರು ನಗದೆ ಇರುವ ಪದ್ಧತಿ ಮೂಡುಹಿತ್ಲು ಪಂಚಾಯತಿನಲ್ಲಿ ಇಲ್ಲ, ಆದ್ದರಿಂದ ಅವರೂ ನಕ್ಕರು. ಆ ನಗೆಯಲ್ಲಿ ಉದ್ಘಾಟನೆಯ ಫೋಟೊ ಕೆಟ್ಟುಹೋಯಿತೆಂದು ಇನ್ನೊಂದು ಸಲ ನಲ್ಲಿ ತಿರುಗಿಸಬೇಕಾಯಿತು. ಹೆಗ್ಡೆ ತಿರುಗಿಸಿದ, ನೀರು ಬಿತ್ತು, ಕೈಯನ್ನು ಬಿಳಿ ಟವೆಲಿನಿಂದ ಒರೆಸಿಕೊಂಡ. ಕಾಲೊನಿಯ ನೀರು ಕೈಗೆ ತಾಗಿದ್ದಕ್ಕೆ ಎರಡು ಸಲ ಒರೆಸಿಕೊಂಡನೋ ಏನೋ, ಗೋಪಿಗೆ ಹಾಗೆ ಕಂಡಿತು.

ಗೋಪಿ ಕೇಳಿದ್ದು ದೊಡ್ಡ ಸಂಗತಿಯೇನಲ್ಲ. ಕೊರಗರ ಕಾಲೊನಿಗೆ ಕಟ್ಟಿಸಿದ ಹೊಸ ನೀರಿನ ಟ್ಯಾಂಕಿಯನ್ನು ಕತ್ತೆತ್ತಿ ನೋಡಿ, ಇದು ಸಣ್ಣದಾಯಿತಲ್ಲ ಒಡೆಯರೇ ಎಂದಿದ್ದಳು, ಅಷ್ಟೇ. ಟ್ಯಾಂಕಿ ಇಪ್ಪತ್ತಡಿ ಕಂಬಗಳ ಮೇಲಿತ್ತು. ಅಷ್ಟು ಎತ್ತರಕ್ಕೆ ಏರಿಸಿಟ್ಟರೆ ಸಾಮಾನ್ಯರ ಕಣ್ಣಿಗೆ ಅಳತೆ ಸಿಕ್ಕುವುದಿಲ್ಲ. ಅದರ ಮೈಮೇಲೆ ಅಧ್ಯಕ್ಷರ ಹೆಸರನ್ನು ಈ ಬದಿಯಿಂದ ಆ ಬದಿಯವರೆಗೆ ಬರೆದದ್ದರಿಂದ ಅದು ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಆದರೆ ಗೋಪಿ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಈ ಅರವತ್ತರವರೆಗೆ ಹೆಡಿಗೆ, ಗೆರಸಿ ಹೆಣೆದೇ ಹೊಟ್ಟೆ ಹೊರೆದವಳು. ಯಾವುದರ ಹೊಟ್ಟೆಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ಅವಳ ಕಣ್ಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಪ್ಪತ್ತು ಮನೆಯ ಕಾಲೊನಿಗೆ ಇರುವುದು ಒಂದೇ ಬಾವಿ. ಶಿವರಾತ್ರಿ ಕಳೆಯುತ್ತಲೇ ಅದಕ್ಕೆ ಉಪ್ಪು ಹತ್ತುತ್ತದೆ. ಅನ್ನ ಬೇಯಿಸಿದರೆ ಉಪ್ಪು, ಚಾ ಮಾಡಿದರೆ ಉಪ್ಪು, ಮಕ್ಕಳ ಮೈಗೆ ಹೊಯ್ದರೆ ತುರಿಕೆ. ಆಚೆ ಮೇಲ್ಕೇರಿಯಲ್ಲಿ ಹನ್ನೆರಡು ಮನೆ, ಹನ್ನೆರಡಕ್ಕೂ ಸ್ವಂತ ಬಾವಿ, ಬಾವಿಯಲ್ಲಿ ಸಿಹಿನೀರು. ಇಷ್ಟಿದ್ದೂ ಪಂಚಾಯತಿನವರು ಹೋದ ವರ್ಷ ಮೇಲ್ಕೇರಿಗೆ ಎಂಟಡಿ ಉದ್ದ, ಎಂಟಡಿ ಅಗಲ, ಎಂಟಡಿ ಎತ್ತರದ ಟ್ಯಾಂಕಿ ಕಟ್ಟಿಸಿಕೊಟ್ಟಿದ್ದರು. ಆ ನೀರು ಈಗ ಹೆಗ್ಡೆಯ ಮನೆಯ ಹುಲ್ಲುಹಾಸಿಗೂ ಕಾರಿಗೂ ಹೋಗುತ್ತದೆ. ಕಾಲೊನಿಯವರು ಗ್ರಾಮಸಭೆಯಲ್ಲಿ ನಮಗೂ ಒಂದು ಬೇಕೆಂದು ಕೇಳಿದಾಗ ಹೆಗ್ಡೆ ದುಡ್ಡಿಲ್ಲ ಎಂದ, ಅನುದಾನ ಬಂದಿಲ್ಲ ಎಂದ, ಕೊನೆಗೆ ಮೇಲ್ಕೇರಿಯದರ ಅರ್ಧ ನೀರು ಹಿಡಿಯುವಂಥದ್ದು ಬೇಕಾದರೆ ಕಟ್ಟಿಸೋಣ ಎಂದ. ಎಲ್ಲರ ಪರವಾಗಿ ಒಪ್ಪಿ ಪುಸ್ತಕದಲ್ಲಿ ರುಜು ಹಾಕಿದವಳು ಗೋಪಿ.

ಅಲ್ಲಿ ಅವಳು ತಪ್ಪಿದಳು. ತಪ್ಪಿದ್ದೂ ತನ್ನ ಕಸುಬಿನ ದೆಸೆಯಿಂದಲೇ. ಹೆಡಿಗೆ ಹೆಣೆಯುವವರಿಗೆ ಯಾರೂ ಅಡಿ, ಇಂಚು ಹೇಳುವುದಿಲ್ಲ. ಮೂವತ್ತು ತೆಂಗಿನಕಾಯಿ ಹಿಡಿಯಬೇಕು ಎನ್ನುತ್ತಾರೆ, ಎರಡು ಕೋಳಿ ಕವುಚಿ ಹಾಕುವಷ್ಟು ಬೇಕು ಎನ್ನುತ್ತಾರೆ, ಮೊನ್ನೆಯದರ ಅರ್ಧ ಗೊಬ್ಬರ ಹಿಡಿದರೆ ಸಾಕು ಎನ್ನುತ್ತಾರೆ. ಒಳಗೆ ಏನು ತುಂಬಬೇಕೆಂದು ಹೇಳಿದರೆ ಮುಗಿಯಿತು, ಉದ್ದ ಅಗಲದ ಚಿಂತೆ ಹೆಣೆಯುವವಳದ್ದು. ಹೀಗಾಗಿ ಅರ್ಧ ನೀರು ಎಂದ ಮೇಲೆ ಎಷ್ಟಡಿ ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಕಟ್ಟುವವನಿಗೆ ತನ್ನ ಕೆಲಸ ಗೊತ್ತಿರುತ್ತದೆ ಎಂದು ನಂಬಿದಳು. ಕಟ್ಟುವವನು ಹೆಗ್ಡೆಯ ಹೆಂಡತಿಯ ತಮ್ಮ, ಅವನಿಗೆ ತನ್ನ ಕೆಲಸ ಚೆನ್ನಾಗಿಯೇ ಗೊತ್ತಿತ್ತು.

ಉದ್ಘಾಟನೆಯಾಗಿ ನಾಲ್ಕು ದಿನಕ್ಕೆ ಕಾಲೊನಿಯಲ್ಲಿ ಕೊಡಕ್ಕೆ ಕೊಡ ತಾಗಿ ಜಗಳ ಶುರುವಾಯಿತು. ದಿನಕ್ಕೊಮ್ಮೆ ಟ್ಯಾಂಕಿ ತುಂಬಿಸುತ್ತಿದ್ದರು, ಮನೆಗೆ ಐದು ಕೊಡ ತೆಗೆಯುವಷ್ಟರಲ್ಲಿ ನಲ್ಲಿ ಗೊರಗೊರ ಎನ್ನುತ್ತಿತ್ತು. ಪಕ್ಕದ ಮನೆಯ ರತ್ನಳ ಬಾಯಿ ಮೊದಲೇ ಚೂಪು, ಅವಳು ಐದನೆಯ ಕೊಡದ ಮೇಲೆ ಯಾರು ಯಾರ ಕೊಡ ಸರಿಸಿದರೆಂದು ಮೂರು ತಲೆಮಾರು ತೆಗೆದು ಬೈದಳು. ಗೋಪಿ ಆ ಜಗಳದಲ್ಲಿ ಸೇರದೆ ನೀರು ಬಿಡುವ ತಿಮ್ಮನನ್ನು ಹುಡುಕಿಕೊಂಡು ಹೋದಳು. ಮೇಲ್ಕೇರಿಗೂ ಕಾಲೊನಿಗೂ ಒಂದೇ ಪಂಪು, ಒಂದೇ ಗಾತ್ರದ ಪೈಪು. ಗೇಟುವಾಲ್ವು ತಿರುಗಿಸುವವನು ತಿಮ್ಮ.

ತಿಮ್ಮ ಮೊದಲು ನನಗೇನೂ ಗೊತ್ತಿಲ್ಲ ಎಂದ. ಗೋಪಿ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಲೆ ಹಾಕಿಕೊಳ್ಳತೊಡಗಿದ ಮೇಲೆ, ಇವಳು ಏಳುವವಳಲ್ಲ ಎಂದು ಗೊತ್ತಾಗಿ ಬಾಯಿ ಬಿಟ್ಟ.

“ಮೇಲ್ಕೇರಿದ್ ತುಂಬುಕೆ ಎರಡ್ ಗಂಟಿ ಬೇಕ್ ಗೋಪಕ್ಕ. ನಿಮ್ದ್ ಕಾಲ್ ಗಂಟಿಗ್ ತುಂಬಿ ಹೊರಗ್ ಚೆಲ್ತ್. ನಾ ಹೇಳ್ದೆ ಅಂದ್ಹೇಳಿ ಯಾರ ಹತ್ರನೂ ಹೇಳ್ಬೇಡ ಮತ್ತೆ.”

ಅರ್ಧ ಟ್ಯಾಂಕಿಯಾದರೆ ಒಂದು ಗಂಟೆ ಬೇಕು. ಕಾಲು ಗಂಟೆಯೆಂದರೆ ಎರಡು ಗಂಟೆಯ ಎಂಟರಲ್ಲಿ ಒಂದು ಪಾಲು. ಗೋಪಿ ಬೆರಳು ಮಡಿಚಿ ಇನ್ನೊಮ್ಮೆ ಎಣಿಸಿದಳು, ಆಗಲೂ ಎಂಟೇ ಬಂತು. ಅವಳಿಗೆ ಸಿಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು ನಾಚಿಕೆ, ಏಕೆಂದರೆ ಈ ಲೆಕ್ಕ ಅವಳಿಗೆ ಹನ್ನೆರಡನೆಯ ವಯಸ್ಸಿನಲ್ಲೇ ಗೊತ್ತಿತ್ತು.

ಆ ವರ್ಷ ಹೆಗ್ಡೆಯ ಅಪ್ಪ, ಆಗಿನ ದೊಡ್ಡ ಹೆಗ್ಡ್ರು, ಮೊದಲಿನದರ ಎರಡರಷ್ಟು ಹಿಡಿಯುವ ಗೊಬ್ಬರದ ಹೆಡಿಗೆ ಬೇಕೆಂದು ಹೇಳಿಕಳಿಸಿದ್ದರು. ಅಮ್ಮ ಜ್ವರದಲ್ಲಿ ಮಲಗಿದ್ದಳು. ಮಗಳು ತಾನೇ ಜಾಣೆಯೆಂದುಕೊಂಡು ಒಂದು ಗೇಣಿದ್ದಲ್ಲೆಲ್ಲ ಎರಡು ಗೇಣು ಹಿಡಿದು ಹೆಣೆದಳು. ಹೆಣೆಯಲು ತಂದಿಟ್ಟ ಕಾಡುಬಳ್ಳಿಯ ಬೀಳಲು ಬುಡಕ್ಕೇ ಸಾಲಲಿಲ್ಲ. ಮತ್ತೆ ಹಾಡಿಗೆ ಹೋಗಿ ಕೊಯ್ದು ತಂದಳು, ಮತ್ತೂ ಸಾಲಲಿಲ್ಲ. ಒಂದು ಹೆಡಿಗೆಗೆ ನಾಲ್ಕು ಹೆಡಿಗೆಯ ಬೀಳಲು ಹೋಯಿತು. ದೊಡ್ಡ ಹೆಗ್ಡ್ರು ಹೆಡಿಗೆ ಕಂಡು ಬೈಯಲಿಲ್ಲ, ಖುಷಿಯಾದರು. ಅದರ ತುಂಬ ಹಸಿ ಗೊಬ್ಬರ ತುಂಬಿಸಿದರು, ಎಂಟು ಹೆಡಿಗೆಯ ಗೊಬ್ಬರ ಹಿಡಿಯಿತು. ಮಗಳು ಹೆಣೆದದ್ದನ್ನು ಅಮ್ಮನೇ ಹೊರಲಿ ಎಂದು ನಾಲ್ಕು ಆಳು ಸೇರಿಸಿ ಅಮ್ಮನ ತಲೆಗೆ ಏರಿಸಿದರು. ಅಮ್ಮ ನಾಲ್ಕು ಹೆಜ್ಜೆ ಹಾಕಿ ಗದ್ದೆಯಂಚಿನಲ್ಲಿ ಕುಸಿದಳು, ಅಂದು ವಾಲಿದ ಕುತ್ತಿಗೆ ಸಾಯುವವರೆಗೂ ನೇರವಾಗಲಿಲ್ಲ. ಮೇಲ್ಕೇರಿಯ ಚಾವಡಿಯಲ್ಲಿ ಅದನ್ನು ಬಹಳ ದಿನ ಹೇಳಿ ಹೇಳಿ ನಕ್ಕರಂತೆ.

ಅಮ್ಮ ಹೊಡೆಯಲಿಲ್ಲ. ಓರೆಯಾದ ಕುತ್ತಿಗೆಯಲ್ಲೇ ಮಗಳನ್ನು ಕೂರಿಸಿಕೊಂಡು ಕಲಿಸಿದಳು. ಎಲ್ಲ ಕಡೆ ಎರಡು ಪಟ್ಟು ಮಾಡಿದರೆ ಬೀಳಲು ನಾಲ್ಕು ಪಟ್ಟು ಬೇಕು, ಹೊಟ್ಟೆ ಎಂಟು ಪಟ್ಟಾಗುತ್ತದೆ. ಗೇಣಿಗೆ ಹನ್ನೆರಡು ಬೆರಳು. ಎರಡರಷ್ಟು ಹಿಡಿಯಬೇಕಾದರೆ ಗೇಣಿಗೆ ಮೂರು ಬೆರಳು ಕೂಡಿಸು, ಸಾಕು. ಅರ್ಧ ಹಿಡಿಯಬೇಕಾದರೆ ಎರಡೂವರೆ ಬೆರಳು ಕಳೆ, ಅದಕ್ಕಿಂತ ಹೆಚ್ಚು ಕಳೆದರೆ ಕೊಂಡವನಿಗೆ ಮೋಸ. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಹತ್ತಲು ಬಿಟ್ಟವರೂ ಇಲ್ಲ.

ಗೋಪಿ ಒಂದು ಗೇಣಿನದೂ ಎರಡು ಗೇಣಿನದೂ ಚೌಕದ ಹೆಡಿಗೆ ಎರಡನ್ನು ಒಂದೇ ದಿನದಲ್ಲಿ ಹೆಣೆದು ಪಂಚಾಯತ್ ಕಚೇರಿಗೆ ಹೋದಳು. ಒಳಗೆ ಹೆಗ್ಡೆಯ ಜೊತೆ ಕೂತು ಎಂಜಿನಿಯರ್ ಸುಧೀರ್ ಚಾ ಕುಡಿಯುತ್ತಿದ್ದ. ಸುಧೀರ್ ಘಟ್ಟದ ಮೇಲಿನವನು, ಉಡುಪಿಯಲ್ಲಿ ಮನೆ ಮಾಡಿಕೊಂಡಿದ್ದ, ವಾರಕ್ಕೆರಡು ದಿನ ಬರುತ್ತಿದ್ದ, ತಡವಾದಾಗೆಲ್ಲ ಸಾಸ್ತಾನದ ಟೋಲಿನಲ್ಲಿ ಸಾಲು ಎನ್ನುತ್ತಿದ್ದ. ಗೋಪಿಯನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಅವಳು ಹೊಸ್ತಿಲಾಚೆ ಕೂತು, ಸಣ್ಣ ಹೆಡಿಗೆಯಲ್ಲಿ ಎಂಟು ಸಲ ಅಂಗಳದ ಮರಳು ಹೊಯ್ಗೆ ಮೊಗೆದು ದೊಡ್ಡದಕ್ಕೆ ಸುರಿದು ತೋರಿಸಿದಳು. ಎಂಟನೆಯ ಸಲಕ್ಕೆ ಅದು ಕಂಠಮಟ್ಟ ತುಂಬಿತು.

ಸುಧೀರ್ ಹೊಯ್ಗೆಯನ್ನೂ ನೋಡಿದ, ಹೆಗ್ಡೆಯ ಮುಖವನ್ನೂ ನೋಡಿದ. ಎಂಜಿನಿಯರಿಂಗ್ ಓದುವ ಮೊದಲೇ, ಏಳನೆಯ ತರಗತಿಯಲ್ಲೇ, ಅವನಿಗೆ ಈ ಪಾಠ ಆಗಿತ್ತು. ಆದರೆ ಓದಿದ್ದು ಬೇರೆ, ಸಂಬಳಕ್ಕಿರುವುದು ಬೇರೆ.

“ನೋಡಮ್ಮ, ಉದ್ದ ಫಿಫ್ಟಿ ಪರ್ಸೆಂಟ್, ಅಗಲ ಫಿಫ್ಟಿ ಪರ್ಸೆಂಟ್, ಎತ್ತರ ಫಿಫ್ಟಿ ಪರ್ಸೆಂಟ್. ಎಲ್ಲಾ ಅರ್ಧರ್ಧ ಇದ್ಮೇಲೆ ಟೋಟಲ್ಲೂ ಅರ್ಧ ತಾನೇ?”

“ಎಂಟಡಿದ್ ಅರ್ಧ ಹಿಡಿಕಾರೆ ಆರಡಿ ಐದ್ ಬೆರಳ್ ಬೇಕ್ ಸಾಹೇಬ್ರೆ,” ಎಂದಳು ಗೋಪಿ. “ನೀವ್ ನಾಲ್ಕಡಿ ಕಟ್ಟಿರಿ. ಅದ್ ಅರ್ಧ ಅಲ್ಲ, ಅರೆಕಾಲ್.”

ಸುಧೀರ್ ಚಾದ ಲೋಟದೊಳಗೆ ಇಣುಕಿದ. ಹೆಗ್ಡೆ ಮಾತ್ರ ಎದ್ದು ಬಂದ. ಬಾಯಿತುಂಬ ಎಲೆಯಡಿಕೆ ಇತ್ತು. ಗೋಪಿಯ ದೊಡ್ಡ ಹೆಡಿಗೆಯ ಮೇಲೆ ಬಗ್ಗಿ ಪಿಚಕ್ಕನೆ ಉಗುಳಿದ. ಕೆಂಪು ಉಗುಳು ಹೊಯ್ಗೆಯಲ್ಲಿ ಇಂಗಿತು.

“ಕೊರಗ್ತಿ ಬಂದ್ ಎಂಜಿನಿಯರಿಗ್ ಲೆಕ್ಕ ಕಲ್ಸುಕೆ ಹೊರಟ್ಳ್ ಕಾಣಿ. ಬುಟ್ಟಿ ಲಾಯ್ಕ್ ಇತ್ತ್, ಇಲ್ಲೇ ಇಟ್ಟ್ ಹೋಗ್, ಉಗುಳುಕೆ ಒಂದ್ ಬೇಕಿತ್ತ್.”

ಗ್ರಾಮಸಭೆ ಮುಂದಿನ ಗುರುವಾರ, ಹೇಳುವುದಿದ್ದರೆ ಅಲ್ಲಿ ಹೇಳು ಎಂದು ಒಳಗೆ ಹೋದ. ಸುಧೀರ್ ಮಾತ್ರ ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, ಅವಳ ಮುಖ ನೋಡದೆ ಒಂದು ಮಾತು ಹೇಳಿದ. ಗುರುವಾರ ಕಾಮಗಾರಿ ಮುಗಿಯಿತೆಂದು ನಿರ್ಣಯ ಆಗುತ್ತದೆ. ಅದಕ್ಕೆ ಕಾಲೊನಿಯ ಒಬ್ಬರ ರುಜು ಬೇಕು. ಅದಾಯಿತೆಂದರೆ ಫೈಲು ಮುಚ್ಚಿತು, ಕಾಲೊನಿಗೆ ಟ್ಯಾಂಕಿ ಇದೆ ಎಂದು ದಾಖಲೆಯಾಗುತ್ತದೆ, ಇನ್ನು ಹತ್ತು ವರ್ಷ ಯಾರೂ ಇನ್ನೊಂದು ಕೇಳುವ ಹಾಗಿಲ್ಲ. ಇಷ್ಟು ಹೇಳಿ ಕಾರು ಹತ್ತಿದ. ಅಷ್ಟು ಹೇಳಿದ್ದೇ ದೊಡ್ಡ ಶೌರ್ಯವೆಂದು ಅವನಿಗೆ ಅನ್ನಿಸಿರಬೇಕು.

ಹತ್ತು ವರ್ಷ ಎಂದರೆ ಹತ್ತು ಬೇಸಿಗೆ. ಮನೆಗೆ ಇಪ್ಪತ್ತು ಕೊಡ ಬರಬೇಕಾದಲ್ಲಿ ಐದು ಕೊಡ. ಗೋಪಿ ಉಗುಳಿದ ಹೊಯ್ಗೆಯನ್ನು ಅಲ್ಲೇ ಮೆಟ್ಟಿಲ ಮೇಲೆ ಸುರಿದು, ಹೆಡಿಗೆಗಳನ್ನು ಒಂದರೊಳಗೊಂದು ಇಟ್ಟುಕೊಂಡು ಮನೆಗೆ ಬಂದಳು.

ಸಂಜೆ ಕಾಲೊನಿಯ ಜನ ಅವಳ ಅಂಗಳದಲ್ಲಿ ಸೇರಿದರು. ರತ್ನ ಹೆಗ್ಡೆಯನ್ನು ಬೇವರ್ಸಿ ಎಂದಳು, ಅವನ ಬಾವನೆಂಟನನ್ನು ಬೋಳಿಮಗ ಎಂದಳು, ಅರ್ಧ ದುಡ್ಡು ತೆಗೆದುಕೊಂಡು ಕಾಲು ಭಾಗದ ಸಿಮೆಂಟು ಹಾಕಿ ಉಳಿದದ್ದನ್ನು ಇಬ್ಬರೂ ನುಂಗಿದರೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅದು ಸರಿಯಾದ ಲೆಕ್ಕವೇ ಆಗಿತ್ತು, ಗೋಡೆಯ ಸಿಮೆಂಟಿಗೂ ಬೀಳಲಿನ ಹಾಗೆ ನಾಲ್ಕರಲ್ಲಿ ಒಂದು ಪಾಲು ಸಾಕು. ಗೋಪಿಯ ಮೈದುನ ಕುಷ್ಟ ಮಾತ್ರ ಬೇಡವೆಂದ. ಅವನು ಪಂಚಾಯತಿನ ಕಸದ ಗಾಡಿಯಲ್ಲಿ ದಿನಗೂಲಿ, ಹದಿನಾಲ್ಕು ವರ್ಷದಿಂದ ನಾಳೆ ಕಾಯಂ, ನಾಡಿದ್ದು ಕಾಯಂ ಎಂದು ಕೇಳುತ್ತಲೇ ಇದ್ದವನು. ಹೆಗ್ಡ್ರ ಎದುರು ನಿಂತರೆ ಅದೂ ಹೋಗುತ್ತದೆ ಎಂದ, ಐದು ಕೊಡವಾದರೂ ಬರುತ್ತದಲ್ಲ ಎಂದ. ರತ್ನ ಅವನಿಗೂ ಒಂದು ಬೈಗುಳ ಕೊಟ್ಟಳು. ಗೋಪಿ ಬೈಯಲಿಲ್ಲ. ಬಾಯಲ್ಲಿ ಹೇಳಿದ್ದನ್ನು ಆ ಜನ ಕೇಳಲಿಲ್ಲ, ಸಣ್ಣ ಹೆಡಿಗೆಯಲ್ಲಿ ತೋರಿಸಿದ್ದನ್ನು ನೋಡಲಿಲ್ಲ, ಇನ್ನು ಟ್ಯಾಂಕಿಯಷ್ಟೇ ದೊಡ್ಡದಾಗಿ ಹೆಣೆದು ತೋರಿಸಬೇಕು ಎಂದಳು. ಎಷ್ಟು ದೊಡ್ಡದು ಎಂದು ಯಾರೋ ಕೇಳಿದರು. ಎಂಟಡಿ ಎಂದಳು. ಅಷ್ಟು ದೊಡ್ಡ ಹೆಡಿಗೆಯನ್ನು ಅವರ ಅಜ್ಜಂದಿರೂ ಹೆಣೆದದ್ದಿಲ್ಲ, ಎಲ್ಲರೂ ನಕ್ಕುಬಿಟ್ಟರು.

ಮರುದಿನ ಬೆಳಕು ಹರಿಯುವಾಗ ಅಂಗಳದಲ್ಲಿ ಎಂಟು ಬಿದಿರಿನ ಗಳು ಬಿದ್ದಿದ್ದವು. ಎಲ್ಲಿಂದ ಕಡಿದು ತಂದದ್ದೆಂದು ಕುಷ್ಟ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅವನು ಸೀಳುತ್ತಾ ಕೂತ. ಆರು ದಿನ ಇಪ್ಪತ್ತು ಮನೆಯ ಕೈಗಳೆಲ್ಲ ಅದೇ ಕೆಲಸದಲ್ಲಿದ್ದವು. ಎಂಟಡಿ ಉದ್ದದ ಕಡ್ಡಿಗಳನ್ನು ಸಾಲಾಗಿ ಹಿಡಿದು, ಬುಡದಿಂದ ನಾಲ್ಕಡಿಯವರೆಗೆ ಹೆಣೆದು, ಮೇಲಿನ ನಾಲ್ಕಡಿಯನ್ನು ಹಾಗೇ ಬಿಟ್ಟರು. ಉದ್ದಕ್ಕೆ ಮೂವತ್ತೆರಡು ಅಡಿಯ ತಟ್ಟಿ, ಎಂಟಡಿಗೊಂದು ಮಡಿಕೆ. ಬುಡ ಹೆಣೆಯಲಿಲ್ಲ. ಇದಕ್ಕೆ ಬುಡವೇ ಇಲ್ಲವಲ್ಲ ಎಂದು ರತ್ನ ಕೇಳಿದಾಗ, ಅದರೊಳಗೆ ಕೂರುವವರಿಗೆ ಪಂಚಾಯತಿನ ನೆಲ ಇದೆ ಎಂದು ಗೋಪಿ ಹೇಳಿದಳು. ಜೊತೆಗೆ ನಾಲ್ಕಡಿಯ ಚೌಕದ ಹೆಡಿಗೆಯೊಂದನ್ನು ಪೂರ್ತಿಯಾಗಿ ಹೆಣೆದರು.

ಗುರುವಾರ ಸಭೆ ಹತ್ತಕ್ಕೆಂದು ಹನ್ನೊಂದೂವರೆಗೆ ಶುರುವಾಯಿತು. ಕುಂದಾಪುರದಿಂದ ಸಭೆಯ ಮೇಲ್ವಿಚಾರಣೆಗೆ ಸರಕಾರದ ನೋಡಲ್ ಅಧಿಕಾರಿಯಾಗಿ ದನದ ಡಾಕ್ಟರಮ್ಮ ಬಂದಿದ್ದರು. ಸಭಾಂಗಣದ ಮುಂದುಗಡೆ ಒಂದು ಮೇಜು, ಮೂರು ಕುರ್ಚಿ, ಹೆಗ್ಡೆ, ಸುಧೀರ್, ಡಾಕ್ಟರಮ್ಮ. ಬೀದಿದೀಪ, ರಸ್ತೆ, ಮೇಲ್ಕೇರಿಯ ಚರಂಡಿ ಎಲ್ಲ ಮೊದಲು. ಕಾಲೊನಿಯ ಟ್ಯಾಂಕಿಯ ನಿರ್ಣಯ ಊಟದ ಮೇಲೆ. ಊಟ ಒಳಗಿನ ಕೋಣೆಯಲ್ಲಿ ಬಾಳೆಲೆಯಲ್ಲಿ, ಕಾಲೊನಿಯವರಿಗೆ ಹಿಂದಿನ ಜಗಲಿಯಲ್ಲಿ ಪೇಪರ್ ಪ್ಲೇಟಿನಲ್ಲಿ. ಉಂಡ ಮೇಲೆ ಕಾಲೊನಿಯವರು ಹೇಗೂ ಮನೆಗೆ ಹೋಗುತ್ತಾರೆ, ಒಬ್ಬರನ್ನು ನಿಲ್ಲಿಸಿ ರುಜು ಹಾಕಿಸಿಕೊಂಡರೆ ಆಯಿತೆಂಬುದು ಹೆಗ್ಡೆಯ ಎಣಿಕೆ, ಪ್ರತಿವರ್ಷ ಹಾಗೇ ಆಗುತ್ತಿತ್ತು ಕೂಡ. ಈ ಸಲ ಪೇಪರ್ ಪ್ಲೇಟು ಹಾಗೇ ಉಳಿದವು. ಒಳಗಿನವರು ಸಾರಿನಿಂದ ಪಾಯಸಕ್ಕೆ ಹೋಗುವಷ್ಟರಲ್ಲಿ ಹನ್ನೆರಡು ಜನ ಸುರುಳಿ ಸುತ್ತಿದ ತಟ್ಟಿಯನ್ನು ಹೆಗಲ ಮೇಲೆ ಹೊತ್ತು ತಂದರು. ಮೇಜು ಕುರ್ಚಿಗಳ ಸುತ್ತ ಬಿಚ್ಚಿ ನಿಲ್ಲಿಸಿದರು. ಗೋಪಿ ಕೊನೆಯ ಮೂಲೆಯನ್ನು ಬೀಳಲಿನಲ್ಲಿ ಹೊಲಿದು ಮುಚ್ಚಿದಳು.

ಹೆಗ್ಡೆ ಹಲ್ಲುಕಡ್ಡಿ ಆಡಿಸುತ್ತಾ ಬಂದು ನಿಂತ. ಮೇಜು, ಅದರ ಮೇಲಿನ ನಿರ್ಣಯ ಪುಸ್ತಕ, ಅಳತೆ ಪುಸ್ತಕ, ಚಾರ್ಜಿಗಿಟ್ಟ ಅವನ ಫೋನು, ಕಾರಿನ ಕೀಲಿ, ಎಲ್ಲ ಎದೆಮಟ್ಟದ ಹೆಡಿಗೆಯೊಳಗಿದ್ದವು. ಹೆಣೆಯದ ಕಡ್ಡಿಗಳು ಅವನ ತಲೆಗಿಂತ ಎತ್ತರಕ್ಕೆ ಎದ್ದು ನಿಂತಿದ್ದವು, ಕಡ್ಡಿಗೂ ಕಡ್ಡಿಗೂ ನಡುವೆ ಮೊಳದಷ್ಟು ಸಂದು. ಸುತ್ತ ಹತ್ತು ಹೆಂಗಸರು ನಿಂತು ಮೇಲಿನ ಸಾಲು ಹೆಣೆಯುತ್ತಿದ್ದರು. ಅವನಿಗೆ ಇದು ಏನೆಂದೇ ತಿಳಿಯಲಿಲ್ಲ.

“ಎಂತದಿದ್?”

“ಮೇಲ್ಕೇರಿ ಟ್ಯಾಂಕಿ,” ಎಂದಳು ಗೋಪಿ, ಕೈ ನಿಲ್ಲಿಸದೆ. “ಉದ್ದ ಎಂಟಡಿ, ಅಗಲ ಎಂಟಡಿ. ಎತ್ರ ಇನ್ನೂ ಆಯ್ಲಿಲ್ಲ, ನಾಲ್ಕಡಿ ಆಯ್ತ್. ಅದಾ, ಅಲ್ಲಿಪ್ಪುದ್ ನಮ್ದ್.”

ರತ್ನ ಮತ್ತು ಇನ್ನೊಬ್ಬಳು ನಾಲ್ಕಡಿಯ ಹೆಡಿಗೆಯನ್ನು ಎತ್ತಿ ತಂದು ದೊಡ್ಡದರ ಗೋಡೆಗೆ ಒರಗಿಸಿಟ್ಟರು. ಸಭೆಯಲ್ಲಿ ಉಳಿದಿದ್ದ ಜನರೆಲ್ಲ ಎದ್ದು ಮುಂದೆ ಬಂದರು. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಸಣ್ಣದನ್ನು ನೋಡಿದರು, ದೊಡ್ಡದನ್ನು ನೋಡಿದರು. ಮೇವು, ಹಿಂಡಿಯ ಅಳತೆ ನೋಡಿ ಅಭ್ಯಾಸವಿದ್ದ ಹೆಂಗಸು. ಕೆಳಗೆ ನಾಲ್ಕು ಕೂರುತ್ತವೆ, ಮೇಲೆ ನಾಲ್ಕು ಎಂದು ತಮ್ಮಷ್ಟಕ್ಕೆ ಎಣಿಸಿ, ಸುಧೀರನನ್ನು ಕರೆದು ಮೇಲ್ಕೇರಿಯದು ಎಷ್ಟು ಲೀಟರ್ ಎಂದು ಕೇಳಿದರು. ಹದಿನಾಲ್ಕೂವರೆ ಸಾವಿರ ಎಂದ. ಕಾಲೊನಿಯದು ಎಷ್ಟು ಎಂದು ಕೇಳಿದರು. ಅವನು ಹೆಗ್ಡೆಯ ಕಡೆ ತಿರುಗಿದ. ನನ್ನ ಕಡೆ ನೋಡಿ ಹೇಳಿ ಎಂದರು. ಸಾವಿರದ ಎಂಟುನೂರು ಎಂದ, ಅದೂ ಬಹಳ ಮೆತ್ತಗೆ. ಹಿಂದಿನ ಸಾಲಿನಲ್ಲಿ ಯಾರೋ ಇದು ಅರ್ಧವಾ ಮಾರಾಯ್ರೆ ಎಂದು ಕೇಳಿದರು, ಸಭೆ ಗೊಳ್ಳೆಂದು ನಕ್ಕಿತು. ಹೆಗ್ಡೆ ಇದುವರೆಗೆ ಆ ಸಭಾಂಗಣದಲ್ಲಿ ತಾನು ನಗಿಸಿದ ನಗೆಯನ್ನು ಮಾತ್ರ ಕೇಳಿದ್ದ.

“ಕುಷ್ಟ,” ಎಂದು ಗದರಿದ. “ಕತ್ತಿ ಕೈಯಗಿತ್ತಲೆ, ಕಡಿ ಇದನ್ನ. ನಾಳೆ ಕೆಲ್ಸಕ್ಕ್ ಬಪ್ದ್ ಇತ್ತಾ ಇಲ್ಯಾ ನಿಂಗೆ?”

ಕುಷ್ಟ ಬಿದಿರು ಸೀಳುವ ಕತ್ತಿ ಹಿಡಿದು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿದ್ದ. ಹದಿನಾಲ್ಕು ವರ್ಷ ಆ ದನಿ ಕೇಳಿದೊಡನೆ ಎದ್ದು ನಿಂತವನು. ಅಭ್ಯಾಸಬಲದಿಂದ ಈಗಲೂ ಎದ್ದು ನಿಂತ. ಗೋಪಿ ಅವನ ಕಡೆ ನೋಡದೆ ಹೆಣೆಯುತ್ತಲೇ ಇದ್ದಳು. ಇವನು ಕಡಿದರೆ ಮುಗಿಯಿತು, ಕಾಲೊನಿಯವನೇ ಕಾಲೊನಿಯದನ್ನು ಕಡಿದ ಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಕುಷ್ಟ ಕತ್ತಿ ಎತ್ತಿದ, ಸೀಳಲೆಂದು ಎದುರಿಗಿಟ್ಟುಕೊಂಡಿದ್ದ ಬಿದಿರಿನ ಗಳುವಿನ ನೆತ್ತಿಗೆ ಇಟ್ಟ, ಒಂದೇ ಪೆಟ್ಟಿಗೆ ಬುಡದವರೆಗೆ ಸೀಳಿದ. ಸೀಳನ್ನು ಅತ್ತಿಗೆಯ ಕೈಗೆ ಕೊಟ್ಟು ಮತ್ತೆ ಕೂತ.

“ನಾಳೆ ಬತ್ತಿಲ್ಲೆ ಹೆಗ್ಡ್ರೆ. ಇದ್ ಮುಗುಕೆ ಇನ್ನೆರಡ್ ದಿನ ಬೇಕ್.”

ಅಷ್ಟರಲ್ಲಿ ಒಳಗೆ ಹೆಗ್ಡೆಯ ಫೋನು ಹೊಡೆದುಕೊಳ್ಳತೊಡಗಿತು. ಅವನು ತಟ್ಟಿಯ ಮೇಲಿಂದ ಕೈ ಚಾಚಿದ, ಎಟುಕಲಿಲ್ಲ. ತಟ್ಟಿಯನ್ನು ಹಿಡಿದು ಅಲುಗಾಡಿಸಿದ, ಅದು ಜಗ್ಗಲಿಲ್ಲ. ಆರು ದಿನ ನಲವತ್ತು ಕೈಗಳು ಹೆಣೆದದ್ದು, ಬೆಣಚುಕಲ್ಲಿನ ಗೋಡೆ ಇದ್ದ ಹಾಗಿತ್ತು. ಡಾಕ್ಟರಮ್ಮ ನಿರ್ಣಯ ಪುಸ್ತಕ ಬೇಕಲ್ಲ ಅಧ್ಯಕ್ಷರೇ, ತೆಗೆದುಕೊಡಿ ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ, ಇತ್ತೇನೋ, ಕನ್ನಡಕ ಒರೆಸುವ ನೆಪದಲ್ಲಿ ಅತ್ತ ತಿರುಗಿದರು. ಸುಧೀರ್ ಎಲ್ಲಿಂದಲೋ ಒಂದು ಸ್ಟೂಲು ತಂದಿಟ್ಟ. ಇಡೀ ಗ್ರಾಮದ ಎದುರು ಅಧ್ಯಕ್ಷ ಪ್ರೇಮಾನಂದ ಹೆಗ್ಡೆ ಬಿಳಿ ಪಂಚೆಯನ್ನು ಮೊಳಕಾಲ ಮೇಲಕ್ಕೆ ಎತ್ತಿ ಕಟ್ಟಿ, ಸ್ಟೂಲು ಹತ್ತಿ, ಕಡ್ಡಿಗಳ ಸಂದಿನಲ್ಲಿ ಹೊಟ್ಟೆ ತೂರಿಸಿ, ಒಂದು ಕಾಲು ಒಳಗೆ ಹಾಕಿ, ಇನ್ನೊಂದನ್ನು ಎಳೆದುಕೊಳ್ಳುವಾಗ ಪಂಚೆ ಸಿಕ್ಕಿಸಿಕೊಂಡು, ಧೊಪ್ಪೆಂದು ಕೊರಗರ ಹೆಡಿಗೆಯೊಳಗೆ ಇಳಿದ. ಫೋನು ಆಗಲೇ ನಿಂತಿತ್ತು.

ಅವನು ಪುಸ್ತಕವನ್ನು ಎತ್ತಿ ಹೊರಗೆ ಒಗೆದು, ಬರೆಯಿರಿ, ಬೇಕಾದ್ದು ಬರೆಯಿರಿ ಎಂದ. ಡಾಕ್ಟರಮ್ಮ ಅದನ್ನು ಗೋಪಿಯ ಮುಂದೆ ಹಿಡಿದು, ಕಾಮಗಾರಿ ಮುಗಿಯಿತೆಂಬುದಕ್ಕೆ ಒಪ್ಪಿಗೆ ಇದೆಯೇ, ಇಲ್ಲವಾದರೆ ಅರ್ಧದ ಟ್ಯಾಂಕಿಯನ್ನೇ ಸರಿಯಾಗಿ ಕಟ್ಟಿಕೊಡಬೇಕೆಂದು ಬರೆಯಲೇ ಎಂದು ಕೇಳಿದರು.

“ಅರ್ಧಕ್ ಒಪ್ಪಿದ್ದ್ ನನ್ ತಪ್ಪ್ ಅಮ್ಮ. ಇನ್ ಅರ್ಧ ಬ್ಯಾಡ. ಇಷ್ಟೂ ಬೇಕ್ ಅಂದ್ ನೀವ್ ಬರೀನಿ,” ಎಂದು ಗೋಪಿ ದೊಡ್ಡ ಹೆಡಿಗೆಯ ಗೋಡೆಯನ್ನು ಅಂಗೈಯಿಂದ ತಟ್ಟಿದಳು. “ಅಷ್ಟ್ ಬರೆದ್ರೆ ರುಜು ಹಾಕ್ತೆ. ಇಲ್ದಿದ್ರೆ ಇದನ್ ಕಡ್ಡಿ ತುದಿವರೆಗ್ ಹೆಣಿತೇ ಇರ್ತೆ.”

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು, ಹೆಗ್ಡೆಯನ್ನು ನೋಡಿದರು, ಇನ್ನೂ ಬರೆಯಲಿಲ್ಲ. ಒಳಗೆ ಹತ್ತಲು ಕುರ್ಚಿ ಇತ್ತು, ಹೊರಗೆ ಇಳಿಯಲು ಸ್ಟೂಲು ಇಡಿ ಎಂದು ಅವನು ಕೂಗುತ್ತಿದ್ದ. ಸ್ಟೂಲಿನ ಮೇಲೆ ರತ್ನ ಕೂತಿದ್ದಳು. ಸುಧೀರ್ ಒಂದು ಹೆಜ್ಜೆ ಮುಂದೆ ಬಂದ, ಅವಳ ಬಾಯಿ ತೆರೆಯುವುದನ್ನು ಕಂಡು ಹಿಂದೆ ಸರಿದ. ಹೆಂಗಸರ ಕೈ ಓಡುತ್ತಿತ್ತು, ಹೊಸ ಸಾಲು ಹೆಗ್ಡೆಯ ಗಲ್ಲದ ಹತ್ತಿರ ಬಂದಿತ್ತು. ಮೊದಲು ಬೈದ, ಆಮೇಲೆ ಪೊಲೀಸರ ಹೆಸರು ಹೇಳಿದ, ಆಮೇಲೆ ಗೋಪಕ್ಕ ಎಂದ. ಅರವತ್ತು ವರ್ಷದಲ್ಲಿ ಆ 'ಅಕ್ಕ' ಮೇಲ್ಕೇರಿಯ ಬಾಯಿಯಿಂದ ಬಂದದ್ದು ಅದೇ ಮೊದಲು. ಕಡ್ಡಿಗಳ ನಡುವಿನಿಂದ ಅವನ ಮುಖ ಮಾತ್ರ ಕಾಣುತ್ತಿತ್ತು, ಅದರ ಮೇಲೆ ಬೆವರು ಇಳಿಯುತ್ತಿತ್ತು.

“ಕೂಕಣಿ ಹೆಗ್ಡ್ರೆ,” ಎಂದಳು ಗೋಪಿ, ಕುಷ್ಟ ಕೊಟ್ಟ ಸೀಳನ್ನು ಅವನ ಮೂಗಿನ ಎದುರು ಈ ಕಡ್ಡಿಯಿಂದ ಆ ಕಡ್ಡಿಗೆ ತೂರಿಸಿ ಎಳೆಯುತ್ತಾ. “ಕುರ್ಚಿ ಇತ್ತ್, ಮೇಜ್ ಇತ್ತ್, ಕಾಲ್ ಚಾಚುಕೆ ಜಾಗ ಇತ್ತ್. ನಮ್ ಟ್ಯಾಂಕಿ ಆಗಿದ್ರೆ ಕಾಲ್ ಮಡ್ಚ್ಕಂಡ್ ಕೂಕಣ್ಕಿತ್ತ್.”